ಗಿಟಾರ್ ಪ್ರೊಸೆಸರ್ ಮನ್ಯಾಗ ಇದ್ರ ಮತ್ತೊಂದು ಸೌಂಡ್ ಕಾರ್ಡ್ ಯಾಕ್ರಿ?

ಸಂಪಾದಕರಿಗೆ ನಮಸ್ಕಾರ್ರೀ,

ನಾನು ಬನಹಟ್ಟಿಯಾಂವ. ಮನ್ಯಾಗ ನಾಕು ಪಾವರ್‌ಲೂಮ್ ಅದಾವು, ಹಗಲೆಲ್ಲಾ ಸೀರಿ ನೇಯೂದು, ಸಂಜಿಮುಂದ ಗಿಟಾರ್ ಹಿಡಿಯೂದು, ಇಪ್ಪತ್ತು ವರ್ಷ ಆತು, ಜಾತ್ರಿ ಆರ್ಕೆಸ್ಟ್ರಾ, ಭಜನಾ, ಮದವಿ ಕಾರ್ಯಕ್ರಮ ಅಂತ ಮುಧೋಳ, ಜಮಖಂಡಿ, ಮಹಾಲಿಂಗಪುರ, ಒಮ್ಮೊಮ್ಮಿ ಅಥಣಿ ತನಕ ಹೋಗಿ ನುಡಿಸಿ ಬರತೇನಿ. ಹೋದ ವಾರದ ನಿಮ್ಮ ಪುರವಣ್ಯಾಗ ಮನ್ಯಾಗ ಹಾಡು ರೆಕಾರ್ಡ್ ಮಾಡೂದು ಹೆಂಗ ಅಂತ ಒಂದು ಬರಹ ಬಂದಿತ್ತಲ್ರಿ, ಅದನ್ನ ಚಾದಂಗಡ್ಯಾಗ ಕುಂತು ಎರಡು ಸಲ ಓದಿದ್ನಿ. ಕನ್ನಡದಾಗ ಇಂಥಾದ್ದು ಬರೂದು ಕಡಿಮಿ, ಬರದವರಿಗೆ ನಮಸ್ಕಾರ. ಆದ್ರ ಅದರಾಗಿನ ಖರೀದಿ ಪಟ್ಟ್ಯಾಗ ಮೊದಲನೇ ಸಾಲ ನನಗ ಭಾಳ ಚುಚ್ಚಿತು. ಸೌಂಡ್ ಕಾರ್ಡ್ (ದನಿನ ಕಂಪ್ಯೂಟರಿಗೆ ಮುಟ್ಟಿಸೋ ಡಬ್ಬಿ) ಇಲ್ಲದ ರೆಕಾರ್ಡಿಂಗ್ ಸುರು ಮಾಡಾಕ ಆಗೂದೇ ಇಲ್ಲ, ಎಲ್ಲಾರೂ ಮೊದಲ ಅದನ್ನ ತಗೋಬೇಕು ಅಂತ ಬರದೀರಿ. ಅದು ಎಲ್ಲಾರಿಗೂ ಖರೆ ಅಲ್ಲ, ಅದಕ್ಕ ಈ ಪತ್ರ.

ಯಾಕ ಚುಚ್ಚಿತು ಅಂದ್ರ, ನಮ್ಮ ತಂಗಿ ಮಗ, ನನ್ನ ಅಳಿಯ, ಡಿಗ್ರಿ ಓದಾಕತ್ತಾನ, ಗಿಟಾರ್ ಚಲೋ ನುಡಸ್ತಾನ. ಅಂವಗ ಹಿಂದಿನ ವರ್ಷ ಅವರಪ್ಪ ಒಂದು ಗಿಟಾರ್ ಪ್ರೊಸೆಸರ್, ಅಂದ್ರ ಗಿಟಾರಿನ ದನಿಗೆ ನಮೂನಿ ನಮೂನಿ ಎಫೆಕ್ಟ್ ಕೊಡೂ ಡಬ್ಬಿ, ಕೊಡಿಸಿದ್ರು. ಆ ಬರಹ ಓದಿದ ಮರುದಿನಾನ ಅಂವ ಫೈನಾನ್ಸ್‌ದಾಗ ಕಂತಿನ ಮ್ಯಾಲ ಸೌಂಡ್ ಕಾರ್ಡ್ ತರಾಕ ಹೊಂಟಿದ್ದ, ನಾನು ದಾರ್ಯಾಗ ಸಿಕ್ಕೆ ಅಂತ ನಿಂತ. "ಮಾಮಾ, ಪೇಪರ್‌ನ್ಯಾಗ ಬರದಾರಲ್ಲ, ಅದಿಲ್ಲದ ಆಗೂದಿಲ್ಲಂತ" ಅಂದ. ನಾ ಅಂದ್ನಿ, "ನಿನ್ನ ಪ್ರೊಸೆಸರ್ ಹಿಂದ ಒಂದು ಯುಎಸ್‌ಬಿ ಪೋರ್ಟ್ ಐತಿ ನೋಡಿಯೇನೋ?" ನೋಡಿದ್ದನಂತ, ಅದು ಅಪ್‌ಡೇಟ್ ಮಾಡಾಕ ಅಷ್ಟ ಇರತೈತಿ ಅಂತ ತಿಳಕೊಂಡಿದ್ದ. ಒಂದು ವರ್ಷ ಮನ್ಯಾಗ ಸೌಂಡ್ ಕಾರ್ಡ್ ಇಟಕೊಂಡು ಇನ್ನೊಂದಕ್ಕ ಸಾಲ ಮಾಡಾಕ ಹೊಂಟಿದ್ದ ಹುಡುಗ. ಇಂಥಾ ಹುಡುಗರು ನಮ್ಮ ಬಾಗಲಕೋಟಿ ಜಿಲ್ಲಾದಾಗ ಒಬ್ಬಿಬ್ಬರಲ್ಲ, ಊರೂರಿಗೆ ಅದಾರ, ಜಾನಪದ ಹಾಡು ಮಾಡಿ ಯೂಟ್ಯೂಬ್‌ಗೆ ಹಾಕೋ ಹುಡುಗರ ಕೂಡ ನುಡಸೋರು ಇವರ.

ಸೌಂಡ್ ಕಾರ್ಡ್ ಅಂದ್ರ ಏನ್ರಿ ಮೂಲದಾಗ? ವೈರಿನ್ಯಾಗ ಬರೋ ಸಣ್ಣ ಕರೆಂಟಿನ ಅಲಿನ ಅಂಕಿ ಮಾಡಿ ಕಂಪ್ಯೂಟರ್‌ಗೆ ಕೊಡೂದು, ಕಂಪ್ಯೂಟರ್ ಕೊಟ್ಟ ಅಂಕಿನ ತಿರುಗಿ ಅಲಿ ಮಾಡಿ ಹೆಡ್‌ಫೋನಿಗೆ ಕಳಸೂದು, ಇಷ್ಟ. ಗಿಟಾರ್ ಪ್ರೊಸೆಸರ್ ಈ ಕೆಲಸ ಹೆಂಗೂ ತನ್ನೊಳಗ ಮಾಡಾಕತ್ತಿರತೈತಿ, ಯಾಕಂದ್ರ ಆಂಪ್ಲಿಫೈಯರ್‌ದ (ಗಿಟಾರಿನ ದನಿ ದೊಡ್ಡದು ಮಾಡೂ ಪೆಟಗಿ, ಆಂಪ್ ಅಂತಾರ) ದನಿ ನಕಲು ಮಾಡಾಕ ಅದಕ್ಕ ಮೊದಲ ಗಿಟಾರಿನ ದನಿ ಅಂಕಿ ಆಗಬೇಕು. ಅಂಕಿ ಆದದ್ದನ್ನ ಯುಎಸ್‌ಬಿಲೆ ಹೊರಗ ಬಿಡೂದು ದೊಡ್ಡ ಮಾತಲ್ಲ, ಅದಕ್ಕ ಈಗಿನ ಭಾಳಷ್ಟು ಪ್ರೊಸೆಸರ್‌ದಾಗ ಆ ಸೌಲಭ್ಯ ಕೊಟ್ಟಿರ್ತಾರ. ಮತ್ತ ಗಿಟಾರ್ ಪಿಕಪ್ಪಿಗೆ (ತಂತಿ ನಡುಗೂದನ್ನ ಕರೆಂಟ್ ಮಾಡೂ ಭಾಗ) ಬೇಕಾದ ಹೈ ಇಂಪೀಡೆನ್ಸ್ ಇನ್‌ಪುಟ್, ಅಂದ್ರ ಕರೆಂಟಿಗೆ ಹೆಚ್ಚು ತಡಿ ಒಡ್ಡೂ ಪಿನ್, ಸುಮಾರ ಒಂದು ಮೆಗಾಓಮ್, ಅದರಾಗ ಇದ್ದ ಇರತೈತಿ. ಲ್ಯಾಪ್‌ಟಾಪಿನ ಮೈಕ್ ಪಿನ್ನಿಗೆ ಗಿಟಾರ್ ನೇರ ಹಚ್ಚಿ ನೋಡಿದವರಿಗೆ ಗೊತ್ತು, ಮ್ಯಾಲಿನ ಮಿಂಚೆಲ್ಲಾ ಸತ್ತು ಕಂಬಳಿ ಹೊಚ್ಚಿದಂಗ ಕೇಳಸ್ತೈತಿ, ಅದಕ್ಕ ಕಾರಣ ಅಲ್ಲಿ ಈ ಇಂಪೀಡೆನ್ಸ್ ಕಡಿಮಿ ಇರೂದು.

ಇದೇನ ನಿನ್ನೆ ಮೊನ್ನೆ ಬಂದದ್ದಲ್ಲ. ಆಂಪ್ ಮುಂದ ಮೈಕ್ ಇಡದ ಗಿಟಾರ್ ನೇರ ರೆಕಾರ್ಡ್ ಮಾಡೂ ಹಂಬಲ ಹಳೇದು, 1982ರಾಗ ರಾಕ್‌ಮನ್ ಅಂತ ನಡಕ್ಕ ಸಿಗಿಸಿಕೊಳ್ಳೋ ಸಣ್ಣ ಡಬ್ಬಿ ಬಂತು, 1989ರಾಗ ಸ್ಯಾನ್ಸ್‌ಆಂಪ್ ಬಂತು, 1998ರಾಗ ಲೈನ್ 6 ಕಂಪನಿ ಪಾಡ್ ಅಂತ ರಾಜ್ಮಾ ಕಾಳಿನ ಆಕಾರದ ಕೆಂಪು ಡಬ್ಬಿ ತಂತು, ಅದರ ಮುಂದಿನ ತಲಿಮಾರು ಯುಎಸ್‌ಬಿಲೆ ನೇರ ಕಂಪ್ಯೂಟರ್ ಸೇರಿತು. ಇವತ್ತು ಬಾಸ್, ಝೂಮ್, ಲೈನ್ 6, ಮೂಯರ್, ನಕ್ಸ್ ಹಿಂಗ ಭಾಳ ಕಂಪನ್ಯಾರು ಮಾಡ್ತಾರ.

ನನ್ನ ಕತಿ ಹೇಳ್ತೇನಿ, ಯಾಕಂದ್ರ ನಮ್ಮೂರಾಗ ಇದರ ಬೆಲಿ ಬ್ಯಾರೆ. ರಬಕವಿ ಬನಹಟ್ಟಿ ಓಣ್ಯಾಗ ಅಡ್ಡಾಡಿದವರಿಗೆ ಗೊತ್ತು, ಮುಂಜಾನಿಂದ ರಾತ್ರಿ ತನಕ ಖಟಾಖಟ್ ಖಟಾಖಟ್, ನಮ್ಮ ಮಗ್ಗ ಬಂದ್ ಮಾಡಿದ್ರ ಬಾಜೂ ಮನಿದು, ಅದು ನಿಂತ್ರ ಹಿಂದಿನ ಓಣಿದು. ಮೊದಲ ನಾನು ಒಂದು ಸಣ್ಣ ಆಂಪ್ ಮುಂದ ಫೋನ್ ಇಟ್ಟು ರೆಕಾರ್ಡ್ ಮಾಡ್ತಿದ್ನಿ, ಗಿಟಾರಿಗಿಂತ ಮಗ್ಗ ಮುಂದ ಇರ್ತಿತ್ತು, ಎಷ್ಟ ಹಾಸಿಗಿ ದಿಂಬು ಒಟ್ಟಿದ್ರೂ ಲಾಳಿ ಬಡಿಯೋ ಸದ್ದು ಹೋಗಲಿಲ್ಲ. ಪ್ರೊಸೆಸರ್ ಯುಎಸ್‌ಬಿಲೆ ಹಚ್ಚಿ ಮೊದಲ ಸಲ ರೆಕಾರ್ಡ್ ಮಾಡಿ ತಿರುಗಿ ಕೇಳಿದಾಗ, ನಾಕೂ ಮಗ್ಗ ನಡದಿದ್ದೂ, ಒಂದ ಒಂದು ಖಟ್ ಕೇಳಲಿಲ್ಲ. ನಡುವ ಗಾಳೀನ ಇಲ್ಲಲ್ರಿ, ತಂತಿ, ಪಿಕಪ್, ವೈರ್, ಅಂಕಿ. ಅವತ್ತ ರಾತ್ರಿ ನಾ ಊಟಕ್ಕೂ ಏಳಲಿಲ್ಲ, ಅಷ್ಟ ಖುಷಿ ಆಗಿತ್ತು. ನೇಕಾರ ಓಣಿಯಾಗ ಇರೋ ಕಲಾವಿದಗ ಇದು ಎಷ್ಟ ದೊಡ್ಡದು ಅನ್ನೂದು ಪಟ್ಟಿ ಬರದವರಿಗೆ ಗೊತ್ತಿರಾಕಿಲ್ಲ, ಅದಕ್ಕ ತಿಳಿಸಾಕತ್ತೇನಿ.

ಹಚ್ಚೂದು ಹೆಂಗ ಅಂತ ಹೇಳಿಬಿಡ್ತೇನಿ. ಭಾಳಷ್ಟಕ್ಕ ಪ್ರಿಂಟರ್‌ಗೆ ಹಚ್ಚೋ ಚೌಕ ಮೂತಿ ವೈರ್ ನಡೀತೈತಿ, ಹೊಸಾವಕ್ಕ ಫೋನಿನ ಟೈಪ್ ಸಿ ಇಲ್ಲಾ ಮೈಕ್ರೊ ಯುಎಸ್‌ಬಿ. ಇಲ್ಲೊಂದು ಎಚ್ಚರ, ಚಾರ್ಜ್ ಅಷ್ಟ ಮಾಡೂ ಸೋವಿ ವೈರಿನ್ಯಾಗ ಡಾಟಾದ ಎಳಿ ಇರೂದ ಇಲ್ಲ. ನನ್ನ ಅಳಿಯ ಎರಡು ಸಂಜಿ ಅಂಥಾ ವೈರ್ ಹಚ್ಚಿ ಕುಂತು ಪ್ರೊಸೆಸರ್ ಕೆಟ್ಟೈತಿ ಅಂತ ಅಳೂ ಮಟ್ಟಕ್ಕ ಬಂದಿದ್ದ, ವೈರ್ ಬದಲಿ ಮಾಡಿದ ಕೂಡಲೇ ಲ್ಯಾಪ್‌ಟಾಪ್ ಟಣ್ ಅಂತು. ವೈರ್ ನೇರ ಲ್ಯಾಪ್‌ಟಾಪ್‌ಗೆ ಹಚ್ರಿ, ನಡುವ ಹಬ್ ಬ್ಯಾಡ. ವಿಂಡೋಸ್ ಇದ್ರ ಕಂಪನಿಯ ವೆಬ್‌ಸೈಟಿನಿಂದ ಅದರದ ಡ್ರೈವರ್ (ಕಂಪ್ಯೂಟರಿಗೆ ಆ ಡಬ್ಬಿ ಗುರುತ ಹಿಡಸೂ ಸಾಫ್ಟ್‌ವೇರ್) ಹಾಕ್ರಿ, ಎಎಸ್‌ಐಒ ಅಂತಾರದಕ್ಕ, 1997ರಾಗ ಸ್ಟೈನ್‌ಬರ್ಗ್ ಕಂಪನಿ ತಯಾರ ಮಾಡಿದ ಪದ್ಧತಿ, ವಿಂಡೋಸಿನ ಮಾಮೂಲಿ ದಾರಿ ಬಿಟ್ಟು ಅಡ್ಡದಾರೀಲೆ ಬೇಗ ಮುಟ್ಟಸ್ತೈತಿ. ಕಂಪನಿ ಡ್ರೈವರ್ ಸಿಗದಿದ್ರ ಎಎಸ್‌ಐಒ ಫಾರ್ ಆಲ್ ಅಂತ ಒಂದು ಪುಕ್ಕಟೆ ಸಿಗತೈತಿ, ಹಂಗೂ ಕೆಲಸ ನಡೀತೈತಿ. ಆಮ್ಯಾಲ ರೆಕಾರ್ಡಿಂಗ್ ಸಾಫ್ಟ್‌ವೇರಿನ್ಯಾಗ ಹೋಗಿ ಇನ್‌ಪುಟ್ ಔಟ್‌ಪುಟ್ ಎರಡರಾಗೂ ಪ್ರೊಸೆಸರ್ ಹೆಸರು ಆರಿಸಬೇಕು. ರೀಪರ್ 60 ದಿನ ಪೂರಾ ಬಳಸಿ ನೋಡಾಕ ಕೊಡ್ತಾರ, ಅಡಾಸಿಟಿ ಪುಕ್ಕಟೆ, ಆದ್ರ ಅಡಾಸಿಟಿಯ ಹಳೇ ಆವೃತ್ತ್ಯಾಗ ಎಎಸ್‌ಐಒ ಹಂಗ ಬರೂದಿಲ್ಲ, ಒಂದ ಟ್ರ್ಯಾಕ್ ಹಿಡಿಯಾಕ ನಡೀತೈತಿ, ನಾಕೈದು ಟ್ರ್ಯಾಕ್ ಕೂಡಿಸಿ ಮಾಡೋರಿಗೆ ನಾ ರೀಪರ್ ಅಂತೇನಿ.

ಈಗ ಮುಖ್ಯ ಮಾತು, ಹೆಡ್‌ಫೋನ್ ಎಲ್ಲಿ ಹಚ್ಚಬೇಕು. ಪ್ರೊಸೆಸರ್‌ಗೆ ಹಚ್ಚಬೇಕ್ರಿ, ಲ್ಯಾಪ್‌ಟಾಪ್‌ಗೆ ಅಲ್ಲ. ಲ್ಯಾಪ್‌ಟಾಪಿನ್ಯಾಗ ನಡದ ತಬಲಾ, ಕ್ಯಾಸಿಯೊ ಟ್ರ್ಯಾಕೂ ಅದ ವೈರಲೆ ತಿರುಗಿ ಪ್ರೊಸೆಸರ್‌ಗೆ ಬಂದು ನಿಮ್ಮ ಗಿಟಾರ್ ಕೂಡ ಅದ ಹೆಡ್‌ಫೋನಿನ್ಯಾಗ ಕೇಳಸ್ತೈತಿ. ಇದರ ಲಾಭ ಭಾಳ ದೊಡ್ಡದು. ನೀವು ನುಡಿಸಿದ್ದು ಕಂಪ್ಯೂಟರ್ ಒಳಗ ಹೋಗಿ ತಿರುಗಿ ಬರೂ ತನಕ ಕಾಯಬೇಕಾಗಿಲ್ಲ, ಪ್ರೊಸೆಸರ್ ಒಳಗಿಂದ ಆಗಿಂದಾಗ ಕಿವಿಗೆ ಬೀಳತೈತಿ. ಕಂಪ್ಯೂಟರ್ ಸುತ್ತಿ ಬಂದ್ರ ಎಷ್ಟ ತಡ ಆಗತೈತಿ ನೋಡ್ರಿ, 48 ಕಿಲೊಹರ್ಟ್ಸ್‌ದಾಗ, ಅಂದ್ರ ಸೆಕೆಂಡಿಗೆ 48 ಸಾವಿರ ಅಂಕಿ ಇದ್ದಾಗ, ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಸಿಟ್ಟು ಕಳಸೂ ಅಂಕಿ ಗಂಟು) 1024 ಇಟ್ಟರ ಒಂದ ಕಡಿಗೆ 21 ಮಿಲಿಸೆಕೆಂಡ್, ಹೋಗಿ ಬರೂದು ಸೇರಿದ್ರ 40ರ ಮ್ಯಾಲ. ಗಾಳ್ಯಾಗ ದನಿ ಒಂದು ಸೆಕೆಂಡಿಗೆ ಸುಮಾರ 343 ಮೀಟರ್ ಹೋಗತೈತಿ, ಅಂದ್ರ 40 ಮಿಲಿಸೆಕೆಂಡ್ ಅಂದ್ರ ನಿಮ್ಮ ಸ್ಪೀಕರ್ 14 ಮೀಟರ್ ದೂರ ಇಟ್ಟು ನುಡಿಸಿದಂಗ. ತಾಳ ಹಿಡಿಯಾಕ ಆಗೂದಿಲ್ಲ, ಕೈ ಹಿಂದ ಎಳದಂಗ ಆಗತೈತಿ. ಹುಡುಗರು ತಮಗ ತಾಳಜ್ಞಾನ ಇಲ್ಲಂತ ಮನಸಿಗೆ ಹಚಗೊಂಡು ಕುಂದರತಾರ, ತಪ್ಪು ಕೈದಲ್ಲ, ಬಫರ್‌ದು.

ಇಷ್ಟ ಮಾಡಿ ಒಂದು ಮರೀಬ್ಯಾಡ್ರಿ, ಸಾಫ್ಟ್‌ವೇರ್ ಒಳಗಿನ ಮಾನಿಟರಿಂಗ್ (ನುಡಿಸಿದ್ದನ್ನ ಸಾಫ್ಟ್‌ವೇರ್ ತಿರುಗಿ ಕೇಳಸೂದು) ಬಂದ್ ಮಾಡಬೇಕು. ಇಲ್ಲಂದ್ರ ನೇರ ಬಂದ ದನಿ ಒಂದು, ಸುತ್ತಿ ಬಂದ ದನಿ ಇನ್ನೊಂದು, ಎರಡೂ ಕೂಡಿ ಡಬಲ್ ಡಬಲ್ ಕೇಳಸ್ತೈತಿ, ಕೊಡದಾಗ ಬಾಯಿಟ್ಟು ಮಾತಾಡಿದಂಗ. ನನಗ ಇದ ಒಂದು ತಿಳಿಯಾಕ ಒಂದು ವಾರ ಹಿಡೀತು, ಹೇಳೋರು ಯಾರೂ ಇರಲಿಲ್ಲ.

ಹಿಂಗ ಮಾಡಿದ್ರ ಬಫರ್ ಎಷ್ಟ ದೊಡ್ಡದಿದ್ರೂ ನಡೀತೈತಿ, ಅಂದ್ರ ಹಳೇ ಲ್ಯಾಪ್‌ಟಾಪ್ ಸಾಕು. ಸೌಂಡ್ ಕಾರ್ಡ್ ತಗೊಂಡ್ರ ಆಂಪಿನ ದನಿ ಕಂಪ್ಯೂಟರ್‌ನಾಗಿನ ಪ್ಲಗಿನ್ (ದನಿ ಬದಲಿ ಮಾಡೂ ಸಣ್ಣ ಸಾಫ್ಟ್‌ವೇರ್) ಮಾಡಬೇಕಾಗತೈತಿ, ಆಗ ತಡ ಆಗಬಾರದಂದ್ರ ಬಫರ್ ಸಣ್ಣದಿಡಬೇಕು, ಸಣ್ಣದಿಟ್ರ ಹಳೇ ಲ್ಯಾಪ್‌ಟಾಪ್ ಉಸರ ಬಿಡತೈತಿ, ದನಿ ಚರಚರ ಹರೀತೈತಿ, ಆಮ್ಯಾಲ ಹೊಸ ಲ್ಯಾಪ್‌ಟಾಪ್ ಬೇಕು ಅನ್ನೂ ಮಾತು ಬರತೈತಿ, ಖರ್ಚಿಗೆ ಕೊನಿ ಇಲ್ಲ. ಪ್ರೊಸೆಸರ್‌ದಾಗ ಈ ಲೆಕ್ಕಾ ಮಾಡಾಕ ಅದರದ ಚಿಪ್ ಐತಿ, ಲ್ಯಾಪ್‌ಟಾಪ್ ಬರೇ ಬರಕೊಂತ ಹೋಗತೈತಿ. ನಮ್ಮ ಮನ್ಯಾಗಿರೂದು ಮಗಳ ಕಾಲೇಜಿನ ಹಳೇ ಲ್ಯಾಪ್‌ಟಾಪ್, ನಾಕು ಜಿಬಿ ರ‍್ಯಾಮ್, ಅದರ ಮ್ಯಾಲ ಹನ್ನೆರಡು ಟ್ರ್ಯಾಕಿನ ಭಜನಿ ಪದ ಮಾಡೇನಿ.

ಈಗ ಇನ್ನೊಂದು ಹೇಳ್ತೇನಿ, ಇದರಾಗ ನಾ ಒಂದು ಹಾಡ ಕಳಕೊಂಡೇನಿ. ಒಬ್ಬ ಗೆಳ್ಯಾ ಕ್ಯಾಸಿಯೊ ಟ್ರ್ಯಾಕ್ 48 ಕಿಲೊಹರ್ಟ್ಸ್‌ದಾಗ ಕಳಿಸಿದ್ದ, ನನ್ನ ಪ್ರೊಸೆಸರ್ 44.1ರಾಗ ಅಷ್ಟ ನಡಿಯೂದು. ಬಹಳಷ್ಟು ಸಣ್ಣ ಪ್ರೊಸೆಸರ್ ಒಂದ ಸ್ಯಾಂಪಲ್ ರೇಟಿಗೆ (ಸೆಕೆಂಡಿಗೆ ಎಷ್ಟು ಅಂಕಿ ಅನ್ನೂದು) ಕಟ್ಟುಬಿದ್ದಿರತಾವು, ಕೆಲವು 44.1, ಕೆಲವು 48, ಬದಲಿ ಮಾಡಾಕ ಬರೂದಿಲ್ಲ. ಆ ಟ್ರ್ಯಾಕ್ ನಾನು ಬಳಸಿದ ಹಳೇ ಸಾಫ್ಟ್‌ವೇರಿನ್ಯಾಗ ಬದಲಿ ಆಗದ ಹಂಗ ಬಂದು ಕುಂತಿತು, ಹಾರ್ಮೋನಿಯಂ ಮನಿ ಲೆಕ್ಕದಾಗ ಕಪ್ಪು ಎರಡರ ಶ್ರುತ್ಯಾಗ ಇದ್ದ ಪದ ಸುಮಾರ ದೀಡ ಮನಿ ಕೆಳಗ ಇಳೀತು, ಕಪ್ಪು ಒಂದೂ ಅಲ್ಲ, ಬಿಳಿ ಎರಡೂ ಅಲ್ಲ, ನಡುವ ಎಲ್ಲೋ. ನಾನು ಕ್ಯಾಸಿಯೊದಾಂವ ಶ್ರುತಿ ತಪ್ಪ್ಯಾನ ಅಂತ ತಿಳದು ಗಿಟಾರಿನ ತಂತಿ ಇಳಿಸಿ ಅದಕ್ಕ ಹೊಂದಿಸಿ ಪೂರಾ ನುಡಿಸಿ ಕಳಿಸಿದ್ನಿ. ಅಲ್ಲಿ ಹೋಗಿ ಸೇರಸಿದ್ರ ಎರಡೂ ಬ್ಯಾರೆ ಬ್ಯಾರೆ ದಾರಿ ಹಿಡದಿದ್ದು. ಹಾಡಿದ ಅಜ್ಜ ಮುಂದ ಮೂರು ತಿಂಗಳಿಗೆ ತೀರಿಕೊಂಡ, ಆ ಪದ ಹಂಗ ಉಳೀತು. ಅದಕ್ಕ ಹೇಳ್ತೇನಿ, ಮೊದಲ ಪ್ರೊಸೆಸರ್ ಯಾವ ರೇಟಿನದು ನೋಡ್ರಿ, ಸಾಫ್ಟ್‌ವೇರಿನ ಪ್ರಾಜೆಕ್ಟ್ ಅದ ರೇಟಿಗೆ ಇಡ್ರಿ, ಬ್ಯಾರೇದೋರ ಫೈಲ್ ಬಂದ್ರ ಅದರದೂ ರೇಟ್ ಕೇಳ್ರಿ. ಸಿಡಿ 44.1, ವಿಡಿಯೊ ಸಾಮಾನ್ಯವಾಗಿ 48, ಯೂಟ್ಯೂಬ್‌ಗೆ ಹಾಕೋ ಹುಡುಗರು ಇದನ್ನ ಗೋಡಿ ಮ್ಯಾಲ ಬರದಿಟಗೋಬೇಕು.

ಲೆವೆಲ್ ಬಗ್ಗೆ ಜಾಸ್ತಿ ಹೇಳೂದಿಲ್ಲ. 24 ಬಿಟ್ (ಒಂದೊಂದು ಅಂಕಿ ಎಷ್ಟು ಸೂಕ್ಷ್ಮ ಅನ್ನೂದು) ಇಟ್ರ ದನಿ ಮೆತ್ತಗ ಹಿಡದ್ರೂ ಗುಣ ಹೋಗೂದಿಲ್ಲ, ಜೋರ ನುಡಿಸಿದಾಗ ಮೈನಸ್ 12 ಡೆಸಿಬೆಲ್ ಆಸುಪಾಸು ಬಂದ್ರ ಸಾಕು, ಸೊನ್ನಿ ಮುಟ್ಟಿಸಬ್ಯಾಡ್ರಿ, ಮುಟ್ಟಿ ಹರದ ದನಿ ಆಮ್ಯಾಲ ಹೊಲ್ಯಾಕ ಬರೂದಿಲ್ಲ. ಕೆಲವದರಾಗ ಮ್ಯಾಲಿನ ದೊಡ್ಡ ವಾಲ್ಯೂಮ್ ತಿರುವಿದ್ರ ಹೆಡ್‌ಫೋನ್ ಅಷ್ಟ ಹೆಚ್ಚುಕಡಿಮಿ ಆಗತೈತಿ, ಯುಎಸ್‌ಬಿದು ಮೆನ್ಯುದಾಗ ಬ್ಯಾರೆ ಇರತೈತಿ.

ಮತ್ತ ಕ್ಯಾಬಿನೆಟ್, ಅಂದ್ರ ಆಂಪಿನ ಸ್ಪೀಕರ್ ಪೆಟಗಿ ನಕಲು ಮಾಡೂ ಸೆಟ್ಟಿಂಗ್, ಅದನ್ನ ಬಿಡಬ್ಯಾಡ್ರಿ. ಗಿಟಾರ್ ಆಂಪಿನ ಸ್ಪೀಕರ್ 5 ಕಿಲೊಹರ್ಟ್ಸ್ ದಾಟಿದ ದನಿನ ತಾನ ಕತ್ತರಸಿ ಬಿಡತೈತಿ, ನಾವು ಹಾಡಿನ್ಯಾಗ ಕೇಳೂ ಡಿಸ್ಟಾರ್ಷನ್ (ಗಿಟಾರಿನ ಒಡಕು ದನಿ) ಹಂಗ ಕತ್ತರಿಸಿದ್ದು. ಪ್ರೊಸೆಸರ್ ಔಟ್‌ಪುಟ್ ಸೆಟ್ಟಿಂಗ್ ಆಂಪ್‌ಗೆ ಹಚ್ಚೂ ಮೋಡ್‌ದಾಗ ಉಳದ್ರ ಕ್ಯಾಬಿನೆಟ್ ಆಫ್ ಆಗಿರತೈತಿ, ರೆಕಾರ್ಡಿಂಗ್ ಕೇಳಿದ್ರ ಜೇನಹುಳ ಎದ್ದಂಗ ಕರಕರ. ಕಾರ್ಯಕ್ರಮ ಮುಗಿಸಿ ಬಂದು ಹಂಗ ರೆಕಾರ್ಡ್‌ಗೆ ಕುಂದ್ರೋರು ಇದರಾಗ ಭಾಳ ಸಿಗಬೀಳ್ತಾರ. ಲೈನ್ ಇಲ್ಲಾ ಫೋನ್ಸ್ ಅಂತ ಬದಲಿ ಮಾಡಕೋರಿ, ಅಷ್ಟ.

ರಿವರ್ಬ್ (ದನಿಗೆ ಪ್ರತಿಧ್ವನಿ ಕೊಡೂ ಎಫೆಕ್ಟ್) ಬಗ್ಗೆ ನನ್ನದೊಂದು ಅಭಿಪ್ರಾಯ ಐತಿ, ಒಪ್ಪೋರು ಒಪ್ಪಲಿ. ನಾವು ಸಣ್ಣೋರಿದ್ದಾಗ ಸಾಲಿ ಟ್ರಿಪ್ ಅಂತ ವಿಜಯಪುರಕ್ಕ ಕರಕೊಂಡು ಹೋಗಿದ್ರು, ಗೋಲಗುಮ್ಮಟದ ಪಿಸುಗುಟ್ಟೋ ಗ್ಯಾಲರ್‍ಯಾಗ ಒಂದು ಚಪ್ಪಾಳಿ ಹೊಡದ್ರ ಏಳೆಂಟು ಸಲ ತಿರುಗಿ ಬರ್ತಿತ್ತು, ಸುಮಾರ 44 ಮೀಟರ್ ಅಗಲದ ಗುಮ್ಮಟ, 1656ರಾಗ ಮುಗಿಸಿದ್ದು, ಅಂಥಾ ದನಿ ಇವತ್ತಿಗೂ ಮೈ ಝುಮ್ ಅನಸ್ತೈತಿ. ಹಂಗಂತ ಆ ಗುಮ್ಮಟದೊಳಗ ಕುಂತು ಒಂದು ಲಾವಣಿ ಹಾಡಿದ್ರ ಒಂದ ಶಬ್ದ ತಿಳಿಯೂದಿಲ್ಲ. ಹೆಡ್‌ಫೋನಿನ್ಯಾಗ ಒಬ್ಬರ ಕುಂತು ನುಡಿಸುವಾಗ ರಿವರ್ಬ್ ಜಾಸ್ತಿ ಇದ್ರ ಚಂದ ಅನಸ್ತೈತಿ, ಹಾಡಿನ್ಯಾಗ ಸೇರಿಸಿದಾಗ ಕೆಸರ ಆಗತೈತಿ, ಮತ್ತ ಒಮ್ಮಿ ದನಿ ಜೋಡಿ ಅಚ್ಚಾದ ರಿವರ್ಬ್ ಆಮ್ಯಾಲ ತಗ್ಯಾಕ ಬರೂದಿಲ್ಲ. ಅದಕ್ಕ ಪ್ರೊಸೆಸರ್‌ದಾಗ ಆಂಪ್, ಕ್ಯಾಬಿನೆಟ್ ಅಷ್ಟ ಇಟ್ಟು ಹಿಡೀರಿ, ರಿವರ್ಬ್, ಡಿಲೇ (ದನಿನ ತಡಾ ಮಾಡಿ ತಿರುಗಿ ಕೇಳಸೂ ಎಫೆಕ್ಟ್) ಕಡೀಕ ಸಾಫ್ಟ್‌ವೇರಿನ್ಯಾಗ ಹಾಕ್ರಿ. ಕೇಳಾಕ ಬೇಕು ಅನಿಸಿದ್ರ ಸ್ವಲ್ಪ ಇಟಗೋರಿ, ಉಪ್ಪಿನಷ್ಟು.

ದೊಡ್ಡ ಪ್ರೊಸೆಸರ್ ಇದ್ದೋರಿಗೆ ಇನ್ನೂ ಒಂದು ಸೌಲಭ್ಯ ಐತಿ. 2015ರ ಲೈನ್ 6 ಹೀಲಿಕ್ಸ್, 2018ರ ಎಚ್ಎಕ್ಸ್ ಸ್ಟಾಂಪ್ ಇಂಥಾವು ಯುಎಸ್‌ಬಿ ಮ್ಯಾಲ 8 ಚಾನೆಲ್ ಕಳಸ್ತಾವು, ಒಂದರಾಗ ಆಂಪ್ ಹಾಕಿದ ದನಿ, ಇನ್ನೊಂದರಾಗ ಗಿಟಾರಿನ ಬೋಳು ದನಿ, ಎರಡೂ ಒಮ್ಮೆ ಹಿಡಿಯಾಕ ಬರತೈತಿ. ನಾಳೆ ಹಾಡಿನಾಂವ ಆಂಪ್ ದನಿ ಸರಿ ಇಲ್ಲಂದ್ರ ಆ ಬೋಳು ಟ್ರ್ಯಾಕ್ ತಿರುಗಿ ಪ್ರೊಸೆಸರ್ ಒಳಗ ಕಳಿಸಿ ಬ್ಯಾರೆ ಆಂಪಿನ್ಯಾಗ ಹಾಯಿಸಿ ತಗೋಬಹುದು, ರೀಆಂಪಿಂಗ್ ಅಂತಾರದಕ್ಕ, ತಿರುಗಿ ನುಡಸೂದು ತಪ್ಪತೈತಿ. ನನ್ನ ಹಂತೇಕಿರೂದು ಸಣ್ಣದು, ಅದರಾಗ ಅದಿಲ್ಲ, ನಾನು ದನಿ ಮೊದಲ ಗಟ್ಟಿ ಮಾಡಿಕೊಂಡು ಆಮ್ಯಾಲ ರೆಕಾರ್ಡ್ ಒತ್ತತೇನಿ. ಬಣ್ಣ ನೋಡೇ ನೂಲು ಮಗ್ಗಕ್ಕ ಏರಸೂದು ನಮಗ ರೂಢಿ ಐತಿ.

ಗುಂಯ್ ಅನ್ನೂ ಸದ್ದಿನ ಬಗ್ಗೆ ಬಿಡಿಸಿ ಹೇಳಬೇಕು, ನಮ್ಮ ಕಡೆ ಇದು ದೊಡ್ಡ ಕಾಟ. ಮಗ್ಗದ ಸದ್ದು ಬರೂದಿಲ್ಲ ಅಂದ್ನಿ, ಖರೆ, ಆದ್ರ ಮಗ್ಗದ ಮೋಟರ್‌ದ ಗುಂಯ್ ಬರಬಹುದು. ಸಿಂಗಲ್ ಕಾಯಿಲ್ ಪಿಕಪ್ ಅಂದ್ರ ತಂತಿ ಸುತ್ತಿದ ಸುರುಳಿ, ಸುತ್ತಲಿನ ಮೋಟರ್, ಟ್ಯೂಬಿನ ಚೋಕ್, ಟ್ರಾನ್ಸ್‌ಫಾರ್ಮರ್ ಬಿಡೂ 50 ಹರ್ಟ್ಸ್ ಎಲ್ಲಾ ಅದು ಹಿಡಕೊಳ್ಳತೈತಿ. ನಾ ಏನ ಮಾಡ್ತೇನಂದ್ರ ಕುರ್ಚಿ ತಿರುವಿ ತಿರುವಿ ಎತ್ತ ಕಡೆ ಮಾರಿ ಮಾಡಿದ್ರ ಗುಂಯ್ ಕಡಿಮಿ ಅಂತ ನೋಡಿ ಅಲ್ಲೇ ಕುಂದರತೇನಿ, ನಮ್ಮ ಮನ್ಯಾಗ ಅದು ಬಾವಿ ಕಡಿ ಮೂಲಿ. ಎರಡು ಸುರುಳಿಯ ಹಂಬಕರ್ ಪಿಕಪ್ ಇದ್ದೋರಿಗೆ ಈ ಕಾಟ ಭಾಳ ಕಡಿಮಿ. ಇನ್ನೊಂದು ನಮೂನಿ ಗುಂಯ್ ಲ್ಯಾಪ್‌ಟಾಪ್ ಚಾರ್ಜರಿನಿಂದ ಬರತೈತಿ, ಅರ್ಥಿಂಗ್ ಸರಿ ಇಲ್ಲದ ಮನ್ಯಾಗಂತೂ ತಂತಿ ಮುಟ್ಟಿದ್ರ ಜುಮ್ ಅನಸ್ತೈತಿ, ಅದು ಚಲೋ ಅಲ್ಲ, ಮೊದಲ ಅರ್ಥಿಂಗ್ ಮಾಡಸ್ರಿ. ರೆಕಾರ್ಡ್ ಮಾಡೂವಷ್ಟು ಹೊತ್ತು ಚಾರ್ಜರ್ ತಗದು ಬ್ಯಾಟರಿ ಮ್ಯಾಲ ನಡಸಿದ್ರ ಎಷ್ಟೋ ಸಲ ಪೂರಾ ಹೋಗತೈತಿ. ಪ್ರೊಸೆಸರ್‌ಗೂ ಅದರದ ಅಡಾಪ್ಟರ್ ಇರಲಿ, ಸಣ್ಣಾವು ಬಹಳಷ್ಟು 9 ವೋಲ್ಟ್, ನಡುವ ಮೈನಸ್, ವೈಫೈ ಡಬ್ಬಿದು ನಡುವ ಪ್ಲಸ್ ಇರತೈತಿ, ಮೂತಿ ಕುಂತತು ಅಂತ ಅದನ್ನ ಹಚ್ಚಿದ್ರ ಪ್ರೊಸೆಸರ್ ಸುಡಬಹುದು.

ಗಿಟಾರ್ ಇಲ್ಲದೋರಿಗೂ ಇದು ನಡೀತೈತಿ ಅಂತ ಹೇಳಬೇಕು. ನಮ್ಮ ಕಡೆ ಬ್ಯಾಂಡಿನ್ಯಾಗ ನುಡಸೂ ಬೆಂಜೊ, ಬುಲ್‌ಬುಲ್ ತರಂಗ್ ಅಂತಾರಲ್ರಿ, ಕರೆಂಟಿನದಿದ್ರ ಅದರಾಗೂ ಪಿಕಪ್ಪ ಇರೂದು, ಗಿಟಾರಿನಂಗ ಸೀದಾ ಹಚ್ಚಬಹುದು. ನಾನು ಒಮ್ಮೆ ನಮ್ಮ ಓಣಿ ಹಿರೇರ ಬೆಂಜೊಕ್ಕ ಒಂದು ಕ್ಲೀನ್ ಆಂಪ್, ಸಣ್ಣ ಕಂಪ್ರೆಸರ್ (ದನಿ ಏರಿಳಿತ ಸಮ ಮಾಡೂ ಎಫೆಕ್ಟ್) ಹಾಕಿ ಹಿಡದಿದ್ನಿ, ಅವರು ತಮ್ಮ ದನಿ ಹೆಡ್‌ಫೋನಿನ್ಯಾಗ ಮೊದಲ ಸಲ ಕೇಳಿ ಕಣ್ಣ ಮುಚ್ಚಿ ಕುಂತುಬಿಟ್ರು, ಐವತ್ತು ವರ್ಷ ಕೊಂಬಿನ ಸ್ಪೀಕರಿನ್ಯಾಗ ಕೇಳಿದ ಕಿವಿ ಅವು. ಕ್ಯಾಸಿಯೊನೂ ಹಚ್ಚಬಹುದು, ಆದ್ರ ಎಲ್ಲಾ ಎಫೆಕ್ಟು, ಆಂಪು, ಕ್ಯಾಬಿನೆಟ್ ಆಫ್ ಮಾಡಿದ ಒಂದು ಖಾಲಿ ಪ್ಯಾಚ್ (ಉಳಿಸಿಟ್ಟ ಸೆಟ್ಟಿಂಗ್) ಇಟಗೋರಿ, ಕ್ಯಾಸಿಯೊ ವಾಲ್ಯೂಮ್ ಕಡಿಮಿ ಇಡ್ರಿ, ಅದು ಗಿಟಾರಿಗಿಂತ ಭಾಳ ಜೋರ ಬರತೈತಿ.

ಈಗ ಆಗದ್ದು ಏನು, ಅದನ್ನೂ ಮುಚ್ಚದ ಹೇಳಬೇಕು, ಇಲ್ಲಂದ್ರ ನಾನೂ ಅರ್ಧಾ ಮಾತು ಹೇಳಿದಂಗ ಆಗತೈತಿ. ಹಾಡೂ ದನಿಗೆ ಪ್ರೊಸೆಸರ್ ಸಾಲೂದಿಲ್ಲ. ಸಣ್ಣ ಪ್ರೊಸೆಸರ್‌ದಾಗ ಮೈಕ್ ಪಿನ್ ಇರೂದಿಲ್ಲ, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಇರೂದಿಲ್ಲ, ಗಿಟಾರ್ ಪಿನ್ನಿಗೆ ಮೈಕ್ ಹಚ್ಚಿದ್ರ ದನಿ ಸೊರಗಿ ಬರತೈತಿ. ಹೀಲಿಕ್ಸ್‌ದ ದೊಡ್ಡ ಪೆಡಲ್‌ದಾಗ ಮೈಕ್ ಪಿನ್ನೂ ಫ್ಯಾಂಟಮ್ಮೂ ಎರಡೂ ಅದಾವು, ಎಚ್ಎಕ್ಸ್ ಸ್ಟಾಂಪ್‌ದಾಗ ಇಲ್ಲ. ಅದಕ್ಕ ನೀವು ಹಾಡೋರು ಇದ್ರ, ದಿನಾ ಮೈಕ್ ಹಿಡಿಯೋರು ಇದ್ರ, ನಿಮ್ಮ ಪಟ್ಟಿ ಸರಿ ಐತಿ, ಮೈಕ್ ಪ್ರಿಆಂಪ್ (ಮೈಕಿನ ಸಣ್ಣ ದನಿ ಎತ್ತೂ ಭಾಗ) ಇರೂ ಸೌಂಡ್ ಕಾರ್ಡ್ ತಗೋರಿ. ಒಮ್ಮೆಲೇ ನಾಕು ಮೈಕ್ ಇಟ್ಟು ಡೊಳ್ಳು, ಹಲಗಿ ಹಿಡಿಯೋರಿಗೂ ಅದ ಬೇಕು.

ರೊಕ್ಕ ಕೂಡೂ ತನಕ ನಾವು ಮಾಡೂದು ಹೇಳ್ತೇನಿ. ಹಾಡೋರ ಮುಂದ ಒಂದು ಫೋನ್ ಇಟ್ಟು ಅದರಾಗ ದನಿ ಹಿಡೀತೇವಿ, ಹಾಡೋರ ಕಿವಿಗೆ ಟ್ರ್ಯಾಕ್ ಪ್ರೊಸೆಸರ್ ಹೆಡ್‌ಫೋನಿನಿಂದ. ಸುರೂಗ ಫೋನ್ ಮುಂದ ಹೆಡ್‌ಫೋನ್ ಹಿಡದು ಟ್ರ್ಯಾಕಿನ ನಾಕು ಟಿಕ್ ಕೇಳಸ್ತೇವಿ, ಆಮ್ಯಾಲ ಫೋನಿನ ಫೈಲ್ ಲ್ಯಾಪ್‌ಟಾಪ್‌ಗೆ ತಂದು ಆ ಟಿಕ್ಕಿಗೆ ಟಿಕ್ ಕೂಡಸ್ತೇವಿ. ಸ್ಟುಡಿಯೊ ಗುಣ ಬರೂದಿಲ್ಲ, ಪದ ತಿಳೀತೈತಿ, ಭಾವ ಬರತೈತಿ. ಮತ್ತ ಮಗ್ಗದ ಸದ್ದು? ನಮ್ಮ ಮನ್ಯಾಗ ಅಮಾಸಿ ದಿನ ಮಗ್ಗ ಹಚ್ಚೂದಿಲ್ಲ, ಅವತ್ತ ಒಂದು. ಇನ್ನೊಂದು ಕರೆಂಟ್ ಹೋದಾಗ. ಕರೆಂಟ್ ಹೋದ ಕೂಡಲೇ ಇಡೀ ಓಣಿ ಒಮ್ಮೆಲೇ ಸುಮ್ಮನಾಗತೈತಿ, ಗುಬ್ಬಿ ಸದ್ದು ಕೇಳೂವಷ್ಟು. ನನ್ನ ಪ್ರೊಸೆಸರ್ ನಾಕು ಸೆಲ್ಲಿನ ಮ್ಯಾಲೂ ನಡೀತೈತಿ, ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ, ಫೋನ್ ಅಂತೂ ಐತಿ. ಗಿಟಾರ್ ಮೊದಲ ಮಗ್ಗದ ಸದ್ದಿನ ನಡುವ ರೆಕಾರ್ಡ್ ಮಾಡಿಟ್ಟಿರತೇವಿ, ಕರೆಂಟ್ ಹೋದಾಗ ಹಾಡೋರನ್ನ ಕರೀತೇವಿ, ಬಾಜೂ ಮನಿ ಅಕ್ಕಾರು ಕೈಯಾಗಿನ ಕೆಲಸ ಬಿಟ್ಟು ಓಡಿ ಬರತಾರ, ಕರೆಂಟ್ ಬರೂದ್ರಾಗ ಎರಡು ನುಡಿ ಮುಗಸಬೇಕು ಅಂತ. ಹೋದ ಬ್ಯಾಸಗ್ಯಾಗ ಹಿಂಗ ಆರು ತತ್ವಪದ ಮುಗಿಸೇವಿ.

ಹೊಸದಾಗಿ ಪ್ರೊಸೆಸರ್ ತಗೊಳ್ಳೋರಿಗೆ ಒಂದು ಮಾತು. ಯುಎಸ್‌ಬಿ ಪೋರ್ಟ್ ಇದ್ದದ್ದೆಲ್ಲಾ ಸೌಂಡ್ ಕಾರ್ಡ್ ಆಗೂದಿಲ್ಲ, ಕೆಲವು ಸೋವಿ ಮಾಡೆಲ್‌ದಾಗ ಆ ಪೋರ್ಟ್ ಬರೇ ಅಪ್‌ಡೇಟ್‌ಗೆ ಮತ್ತ ಪ್ಯಾಚ್ ತಿದ್ದಾಕ. ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಅಂತ ಪೆಟಗಿ ಮ್ಯಾಲ ಇಲ್ಲಾ ಮ್ಯಾನ್ಯುಯಲ್‌ದಾಗ ಸ್ಪಷ್ಟ ಬರದಿರಬೇಕು. ನನಗ ಒಂದು ಅಂಗಡ್ಯಾಗ ಎಲ್ಲಾದ್ರಾಗೂ ಆಗತೈತಿ ಅಂತ ಹೇಳಿ ಕಟ್ಟಿ ಕೊಟ್ಟಿದ್ರು, ಮನಿಗೆ ಬಂದು ನೋಡಿದ್ರ ಆಗಲಿಲ್ಲ, ತಿರುಗಿ ಒಯ್ದು ಬದಲಿ ಮಾಡಾಕ ಎರಡು ಸಲ ಬಸ್ ಖರ್ಚು, ಎರಡು ದಿನದ ಮಗ್ಗದ ಕೂಲಿ ಹೋತು. ಅಂಗಡ್ಯಾಗ ನಿಂತಾಗ ನಿಮ್ಮದ ಲ್ಯಾಪ್‌ಟಾಪ್ ಒಯ್ದು ಹಚ್ಚಿ ತೋರಸ್ರಿ ಅಂತ ಕೇಳ್ರಿ, ನಾಚಬ್ಯಾಡ್ರಿ, ರೊಕ್ಕ ನಿಮ್ಮದು. ಫೋನಿಗೆ ಓಟಿಜಿಲೆ (ಫೋನಿಗೆ ಯುಎಸ್‌ಬಿ ಸಾಮಾನ ಹಚ್ಚೂ ವೈರ್) ಹಚ್ಚೋರು ಡ್ರೈವರ್ ಇಲ್ಲದ ನಡೀತೈತೇನು ಅಂತ ಕೇಳ್ರಿ, ಡ್ರೈವರ್ ಬೇಡೂವಂಥಾದ್ದು ಫೋನಿನ್ಯಾಗ ನಡಿಯೂದಿಲ್ಲ.

ಸಂಪಾದಕರ, ಇದರಾಗ ಯಾವ ಮಾತೂ ಗುಟ್ಟಿನದಲ್ಲ, ಎಲ್ಲಾ ಮ್ಯಾನ್ಯುಯಲ್‌ದಾಗ ಐತಿ. ಆದ್ರ ನಾ ನೋಡಿದ ಮ್ಯಾನ್ಯುಯಲ್ ಎಲ್ಲಾ ಇಂಗ್ಲಿಷ್, ಜಪಾನಿ, ಚೀನಿ ಭಾಷ್ಯಾಗ ಇದ್ದು, ನಮ್ಮ ಹುಡುಗರು ಅದನ್ನ ಪೆಟಗ್ಯಾಗ ಬಿಟ್ಟು ನಿಮ್ಮ ಪೇಪರ್ ಓದತಾರ. ನೀವು ಬರದದ್ದನ್ನ ನಂಬಿ ರೊಕ್ಕ ಹಾಕ್ತಾರ, ಕೂಲಿ ಮಾಡೂ ಅಪ್ಪನ ರೊಕ್ಕ. ಎಎಸ್‌ಐಒ, ಬಫರ್, ಸ್ಯಾಂಪಲ್ ರೇಟ್, ಫ್ಯಾಂಟಮ್ ಇವೆಲ್ಲಾ ಏನು ಅಂತ ಆಡೂ ಮಾತಿನ್ಯಾಗ ವಾರಕ್ಕ ಒಂದು ಸಣ್ಣ ಅಂಕಣ ಬರಸಿದ್ರ ನಮ್ಮ ಕಡೆ ಭಾಳ ಹುಡುಗರು ಕತ್ತರಿಸಿ ಇಟಗೋತಾರ, ನಾನಂತೂ ಇಟಗೋತೇನಿ. ಮತ್ತ ಆ ಖರೀದಿ ಪಟ್ಟಿ ಮತ್ತೊಮ್ಮಿ ಹಾಕೂದಿದ್ರ, ದಯಮಾಡಿ ಸೌಂಡ್ ಕಾರ್ಡ್ ಅನ್ನೂ ಸಾಲಿನ ಮ್ಯಾಲ ಒಂದು ಸಾಲು ಸೇರಸ್ರಿ: ನಿಮ್ಮ ಮನ್ಯಾಗ ಯುಎಸ್‌ಬಿ ಆಡಿಯೊ ಇರೂ ಗಿಟಾರ್ ಪ್ರೊಸೆಸರ್ ಐತೇನು, ಮೊದಲ ಅದನ್ನ ಹಚ್ಚಿ ನೋಡ್ರಿ.

ನಿಮ್ಮ ಪತ್ರಿಕಾದ ಓದುಗ,
ಒಬ್ಬ ನೇಕಾರ, ಬನಹಟ್ಟಿ, ಬಾಗಲಕೋಟೆ ಜಿಲ್ಲಾ